ಓಣಿಯೊಳಗೆ ಗಾಡಿ ತರುವವರಿಗೆ ಒಬ್ಬ ಟ್ಯಾಂಕರ್ ಚಾಲಕನ ಮಾತು

ನಾನು ಕಲಬುರಗಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತೇನೆ. ಬ್ರಹ್ಮಪುರ, ಗಾಜಿಪುರ, ಶಹಾಬಜಾರ್ ಕಡೆಯ ಓಣಿಗಳಲ್ಲೇ ನನ್ನ ಓಡಾಟ ಜಾಸ್ತಿ. ಹೈವೇಯಲ್ಲಿ ಜನ ಗಾಡಿ ನೋಡಿ ದೂರ ಸರಿಯುತ್ತಾರೆ. ಓಣಿಯಲ್ಲಿ ಟ್ಯಾಂಕರ್ ಬಂತೆಂದರೆ ಕೊಡ ಹಿಡಿದ ಹೆಣ್ಣುಮಕ್ಕಳು, ಅವರ ಹಿಂದೆ ಚಿಕ್ಕ ಮಕ್ಕಳು, ಎಲ್ಲರೂ ಗಾಡಿ ಕಡೆಗೇ ಓಡಿ ಬರುತ್ತಾರೆ. ಇಲ್ಲಿ ಓಡಿಸುವ ರೀತಿಯೇ ಬೇರೆ. ನಿಮ್ಮದು ಕಾರಿರಲಿ, ಆಟೊ ಇರಲಿ, ಸ್ಕೂಟಿ ಇರಲಿ, ಲೆಕ್ಕ ಒಂದೇ.

ಓಣಿ ಮೊದಲು ನಡೆಯುವವರದು. ಆಮೇಲೆ ನಮ್ಮದು. ನೆದರ್ಲ್ಯಾಂಡ್ಸ್‌ನಲ್ಲಿ ಇಂಥ ಮನೆಬೀದಿಗಳಿಗೆ 1976ರಲ್ಲೇ ಕಾನೂನು ಬಂತು. ಜರ್ಮನಿಯಲ್ಲಿ ಮನೆ, ಚೆಂಡಾಡುವ ಮಗು, ಕಾರು ಬರೆದ ನೀಲಿ ಬೋರ್ಡ್ ಕಂಡರೆ ನಡಿಗೆಯ ವೇಗದಲ್ಲೇ ಹೋಗಬೇಕು. ಅಲ್ಲಿ ಮಕ್ಕಳು ರಸ್ತೆಯಲ್ಲಿ ಆಡಬಹುದು. ನಮ್ಮ ಓಣಿಗಳಲ್ಲಿ ಆ ಬೋರ್ಡ್ ಇಲ್ಲ, ಆದರೆ ಮಕ್ಕಳು ಇದ್ದೇ ಇದ್ದಾರೆ ಅಲ್ವಾ?

"ಜನ ನಡುರಸ್ತೆಯಲ್ಲೇ ನಡೀತಾರೆ" ಅಂತ ಸಿಟ್ಟಾಗಬೇಡಿ. ಬದಿ ನೋಡಿ. ಚರಂಡಿ ಮೇಲೆ ಹಾಸಿದ ಶಹಾಬಾದ್ ಕಲ್ಲು ಒಡೆದಿರುತ್ತದೆ, ಉಳಿದ ಜಾಗದಲ್ಲಿ ಬೈಕು ನಿಂತಿರುತ್ತವೆ. ಅವರು ಇನ್ನೆಲ್ಲಿ ನಡೆಯಬೇಕು?

ವೇಗದ ಲೆಕ್ಕ ಕೇಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 8 ಮೀಟರ್ ದಾಟುತ್ತದೆ. ಕಣ್ಣಿಗೆ ಕಂಡದ್ದು ಕಾಲಿಗೆ ತಿಳಿಯುವಷ್ಟರಲ್ಲಿ ಆ ಸೆಕೆಂಡು ಹೋಗಿರುತ್ತದೆ. ಆಮೇಲೆ ಒಳ್ಳೆಯ ಕಾರಿಗೂ ನಿಲ್ಲಲು ಇನ್ನು 5 ಮೀಟರ್ ಬೇಕು. ಒಟ್ಟು 13 ಮೀಟರ್. 10 ಕಿ.ಮೀ. ವೇಗದಲ್ಲಿದ್ದರೆ ಮೂರೂವರೆ ಮೀಟರ್‌ನಲ್ಲಿ ನಿಲ್ಲುತ್ತದೆ. ಓಣಿಯಲ್ಲಿ ಮಗು ಹೊರಬರುವುದು ಅಷ್ಟೇ ದೂರದಲ್ಲಿ. ನನ್ನ ಗಾಡಿಯಲ್ಲಿ 5,000 ಲೀಟರ್ ನೀರು ಅಂದರೆ 5 ಟನ್ ಭಾರ. ಅರ್ಧ ಖಾಲಿಯಾದಾಗ ಇನ್ನೂ ಕಷ್ಟ. ಬ್ರೇಕ್ ಹಿಡಿದ ಮೇಲೆ ಒಳಗಿನ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳುತ್ತದೆ. ಅದಕ್ಕೇ ಫಸ್ಟ್ ಗೇರ್ ಬಿಟ್ಟು ಮೇಲೆ ಹೋಗುವುದಿಲ್ಲ.

ನೋಟ ಬರೀ ಮುಂದಕ್ಕಿದ್ದರೆ ಸಾಲದು. ನಿಂತ ಆಟೊದ ಕೆಳಗೆ ನೋಡಿ. ಚಕ್ರಗಳ ನಡುವೆ ಎರಡು ಪುಟ್ಟ ಕಾಲು ಕಂಡರೆ ಅಲ್ಲೊಂದು ಮಗು ಇದೆ ಎಂದೇ ಅರ್ಥ. ಚೆಂಡು ಉರುಳಿ ಬಂದರೆ ನಿಲ್ಲಿಸಿ. ಒಬ್ಬ ಹುಡುಗ ಚೆಂಡು ಹಿಡಿದು ಓಡಿದ ಕೂಡಲೇ ಹೊರಡಬೇಡಿ, ಅವನ ಹಿಂದೆ ಇನ್ನೊಬ್ಬ ಬರುತ್ತಾನೆ. ಬಾಗಿಲು ತೆರೆದಿರುವ ಕಾರಿನ ಪಕ್ಕ ಅಂಟಿಕೊಂಡು ಹೋಗಬೇಡಿ.

ಹಾರ್ನ್ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಹಿಂದಿನಿಂದ ಜೋರಾಗಿ ಹೊಡೆದರೆ ವಯಸ್ಸಾದ ಅವ್ವ ಬೆಚ್ಚಿ ಯಾವ ಕಡೆ ಸರಿಯುತ್ತಾಳೋ ಹೇಳಲಾಗದು. ಕಾಣದ ತಿರುವಿನಲ್ಲಿ ಮಾತ್ರ, ದೂರದಿಂದಲೇ, ಒಂದೇ ಸಲ ಚಿಕ್ಕದಾಗಿ ಹೊಡೆಯಿರಿ. ಉಳಿದ ಕಡೆ ಗ್ಲಾಸ್ ಇಳಿಸಿ, "ಅವ್ವಾ, ಸ್ವಲ್ಪ ಬದಿಗೆ ಬರ್ರಿ" ಅನ್ನಿ. ಅವಳಿಗೆ ಕೇಳಿಸದಿದ್ದರೆ ಹಿಂದೆಯೇ ನಿಧಾನ ಬನ್ನಿ. ಎಲೆಕ್ಟ್ರಿಕ್ ಸ್ಕೂಟರಿನವರು ಇನ್ನೂ ಹುಷಾರಾಗಿರಬೇಕು. ನಿಧಾನ ಹೋಗುವಾಗ ಅದರ ಸದ್ದೇ ಬರುವುದಿಲ್ಲ, ಬೆನ್ನು ಹಾಕಿದವರಿಗೆ ನೀವು ಬಂದದ್ದೇ ಗೊತ್ತಾಗುವುದಿಲ್ಲ.

ರಿವರ್ಸ್‌ನಲ್ಲಿ ಅವಸರ ಬೇಡವೇ ಬೇಡ. ಕೂಡುವ ಮುಂಚೆ ಗಾಡಿ ಸುತ್ತ ಒಂದು ಸುತ್ತು ನಡೆದು ನೋಡಿ, ಹಾಡು ಬಂದ್ ಮಾಡಿ. ನನ್ನ ಕ್ಲೀನರ್ ಹುಡುಗ ಕೆಳಗಿಳಿದು ನನ್ನ ಬಲಗನ್ನಡಿಯಲ್ಲಿ ಕಾಣುವಂತೆ ನಿಲ್ಲುತ್ತಾನೆ. ಟ್ಯಾಂಕಿಗೆ ಒಂದು ಏಟು ಬಡಿದರೆ "ಬಾ", ಎರಡು ಬಡಿದರೆ "ನಿಲ್ಲು". ಅವನು ಕನ್ನಡಿಯಲ್ಲಿ ಕಾಣದೆ ಹೋದರೆ ಆ ಕ್ಷಣವೇ ನಿಲ್ಲಿಸುತ್ತೇನೆ, ಏಟಿಗೆ ಕಾಯುವುದಿಲ್ಲ. ಕಾರಿನವರಿಗೆ ಕ್ಯಾಮೆರಾ ಇದ್ದರೂ ಹಿಂದೆ ಒಬ್ಬರನ್ನು ನಿಲ್ಲಿಸುವುದು ಒಳ್ಳೆಯದು. ಕ್ಯಾಮೆರಾಕ್ಕೆ ಧೂಳು ಕೂತಿರುತ್ತದೆ.

ಬೇಸಿಗೆ ರಾತ್ರಿ ಕರೆಂಟ್ ಹೋದರೆ ಜನ ಹೊರಸು ಹಾಕಿ ಹೊರಗೇ ಮಲಗುತ್ತಾರೆ. ಲೈಟ್ ಡಿಮ್‌ನಲ್ಲೇ ಇರಲಿ, ನೆಲ ಕಾಣಬೇಕು, ಮಲಗಿದವರ ಕಣ್ಣಿಗೆ ಹೊಡೆಯಬಾರದು. ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜ್ ಉರುಸ್ ದಿನಗಳಲ್ಲಿ ಆ ಕಡೆಯ ಓಣಿಗೆ ಗಾಡಿ ಒಯ್ಯಲೇಬೇಡಿ, ದೂರ ನಿಲ್ಲಿಸಿ ನಡೆದು ಹೋಗಿ.

ಮನೆಯ ಹುಡುಗನಿಗೆ "ಓಣಿಯಲ್ಲೇ ತಾನೆ" ಅಂತ ಚಾವಿ ಕೊಡುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 18 ತುಂಬದವನು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದಕ್ಕಿಂತ ದೊಡ್ಡ ಮಾತು, ಮಕ್ಕಳು ಜಾಸ್ತಿ ಇರುವುದೇ ಓಣಿಯಲ್ಲಿ.

ಇನ್ನು ಓಣಿಯಿಂದ ದೊಡ್ಡ ರಸ್ತೆಗೆ ಬರುವಾಗ ಓಣಿಯ ಬಾಯಲ್ಲೇ ಗಾಡಿ ಪೂರ್ತಿ ನಿಲ್ಲಿಸಿ. ಅಂಗಡಿ ಮುಂದೆ ನಡೆಯುವವರು ಮೊದಲು ದಾಟಲಿ. ಎಡಗಡೆಯಿಂದ ಉಲ್ಟಾ ಬರುವ ಬೈಕು ಇದ್ದೇ ಇರುತ್ತದೆ, ಆ ಕಡೆಯೂ ಕತ್ತು ತಿರುಗಿಸಿ ನೋಡಿಯೇ ಕ್ಲಚ್ ಬಿಡಿ.