ಒಂದೇ ಹಳಿ ಎರಡು ಕಡೆ ಕಂಡಾಗ

ಹೈಪರ್‌ಸ್ಪೆಕ್ಟ್ರಲ್ ಚಿತ್ರದಲ್ಲಿ (ಪ್ರತಿ ಪಿಕ್ಸೆಲ್‌ನಲ್ಲೂ ನೂರಾರು ಬಣ್ಣಗಳ ಬೆಳಕು ಅಳೆದ ಚಿತ್ರ) ನಾನು ಮೊದಲು ಕೈಯಾಡಿಸಿದ್ದು ಇಸ್ರೋ ಮತ್ತು ನಾಸಾ ಸೇರಿ ಭಾರತದ ಮೇಲೆ ಹಾರಿಸಿದ ಅವಿರಿಸ್-ಎನ್‌ಜಿ ಎಂಬ ವಿಮಾನದ ಸೆನ್ಸರ್‌ನ ಡೇಟಾದಲ್ಲಿ. ಅದರ ಪ್ರತಿ ಪಿಕ್ಸೆಲ್ಲೂ ನಕ್ಷೆಯ ಮೇಲೆ ತನ್ನ ಜಾಗಕ್ಕೆ ಸರಿಯಾಗಿ ಕೂರಿಸಿಯೇ ಬರುತ್ತದೆ. ಅಂಗಡಿಯಿಂದ ದೋಸೆ ಹಿಟ್ಟು ತಂದ ಹಾಗೆ, ಹುಯ್ದರೆ ಆಯ್ತು. ರುಬ್ಬುವ ಕಷ್ಟ ಗೊತ್ತಾಗಿದ್ದು ಬೆಂಗಳೂರಿನ ಹೊರವಲಯದ ಮೇಲೆ ಹಾರಿಸಿದ ಕಚ್ಚಾ ಡೇಟಾ ಕೈಗೆ ಬಂದಾಗ.

ನಮ್ಮ ಸೆನ್ಸರ್ ಪುಶ್‌ಬ್ರೂಮ್ ಜಾತಿಯದು. ಒಂದು ಸಲಕ್ಕೆ ಒಂದೇ ಗೆರೆ ಹಿಡಿಯುತ್ತದೆ. ವಿಮಾನ ಮುಂದೆ ಹೋದಂತೆ ಗೆರೆಗಳು ಸೇರಿ ಚಿತ್ರವಾಗುತ್ತದೆ. ನಡುವೆ ವಿಮಾನ ಚೂರು ವಾಲಿದರೂ ಆ ಗೆರೆ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ನೆಟ್ಟಗಿರುವ ರೈಲ್ವೆ ಹಳಿ ಕಚ್ಚಾ ಚಿತ್ರದಲ್ಲಿ ಹಾವಿನ ಹಾಗೆ ಹರಿದಿತ್ತು.

ಇದನ್ನು ಸರಿಮಾಡಲು ಪ್ರತಿ ಗೆರೆಗೂ ವಿಮಾನ ಎಲ್ಲಿತ್ತು (ಜಿಪಿಎಸ್), ಎಷ್ಟು ವಾಲಿತ್ತು (ಐಎಂಯು ಎಂಬ ಉಪಕರಣ) ಅನ್ನೋದು ಬೇಕು. ಕೆಳಗಿನ ನೆಲದ ಎತ್ತರವೂ ಬೇಕು. ಅದಕ್ಕೆ 30 ಮೀಟರ್‌ಗೊಂದು ಅಳತೆ ಇರುವ ಎಸ್‌ಆರ್‌ಟಿಎಂ ಡಿಇಎಂ, ಅಂದರೆ ನೆಲದ ಎತ್ತರದ ನಕ್ಷೆ, ತಗೊಂಡೆ. ಪ್ರತಿ ಪಿಕ್ಸೆಲ್‌ನಿಂದ ಒಂದು ಕಿರಣ ಬಿಟ್ಟು, ಅದು ನೆಲಕ್ಕೆ ಎಲ್ಲಿ ತಾಗುತ್ತದೆ ಎಂದು ಲೆಕ್ಕ ಹಾಕಿದೆ. ಹಳಿ ನೆಟ್ಟಗಾಯಿತು. ಖುಷಿಯೋ ಖುಷಿ.

ಆಮೇಲೆ ಪಕ್ಕದ ಹಾರಾಟದ ಪಟ್ಟಿ ತಂದು ಜೋಡಿಸಿದೆ. ಅದೇ ಹಳಿ ಎರಡು ಕಡೆ! ನಡುವೆ ಹತ್ತಿರ ಹತ್ತಿರ 50 ಮೀಟರ್ ಅಂತರ.

ಬೋರ್‌ಸೈಟ್ ಕೆಟ್ಟಿದೆ ಅಂದುಕೊಂಡೆ. ಅಂದರೆ ಸೆನ್ಸರ್‌ಗೂ ಐಎಂಯುಗೂ ನಡುವಿನ ಕೋನದ ವ್ಯತ್ಯಾಸ. ಅನುಮಾನ ಸುಮ್ನೆ ಬಂದದ್ದಲ್ಲ. 4 ಕಿಲೋಮೀಟರ್ ಎತ್ತರದಿಂದ 0.1 ಡಿಗ್ರಿ ತಪ್ಪಿದರೂ ನೆಲದಲ್ಲಿ 7 ಮೀಟರ್ ಸರಿಯುತ್ತದೆ. ನಮ್ಮ ಪಿಕ್ಸೆಲ್ಲೇ 4 ಮೀಟರ್. ಎರಡು ವಾರ ರೋಲ್ (ಪಕ್ಕಕ್ಕೆ ವಾಲುವ ಕೋನ) ತಿರುಗಿಸುತ್ತಾ ಕೂತೆ. ಎಡ ಅಂಚು ಸರಿಹೋದರೆ ಬಲ ಅಂಚು ಇನ್ನೂ ಜಾಸ್ತಿ ಕೆಡುತ್ತಿತ್ತು. ಬಲ ಸರಿಮಾಡಿದರೆ ಎಡ.

ಅಲ್ಲಿಯೇ ಸುಳಿವಿತ್ತು. ರೋಲ್ ತಪ್ಪಿದರೆ ಎರಡೂ ಅಂಚು ಒಂದೇ ಕಡೆಗೆ ಸರಿಯಬೇಕು. ನನ್ನ ಚಿತ್ರದಲ್ಲಿ ನಡುಭಾಗ ಕರಾರುವಾಕ್ಕು, ಎರಡೂ ಅಂಚು ಒಳಕ್ಕೆ ಎಳೆದುಕೊಂಡಿದ್ದವು. ಅಂದರೆ ತಪ್ಪು ಕೋನದಲ್ಲಲ್ಲ, ಎತ್ತರದಲ್ಲಿ.

ಜಿಪಿಎಸ್ ಎತ್ತರ ಅಳೆಯೋದು ಡಬ್ಲ್ಯೂಜಿಎಸ್84 ಎಲಿಪ್ಸಾಯ್ಡ್‌ನಿಂದ, ಅಂದರೆ ಭೂಮಿಯ ಆಕಾರಕ್ಕೆ ಗಣಿತ ಕೊಟ್ಟ ನುಣುಪಾದ ಚಪ್ಪಟೆ ಗೋಳದಿಂದ. ಎಸ್‌ಆರ್‌ಟಿಎಂ ಅಳೆಯೋದು ಇಜಿಎಂ96 ಜಿಯಾಯ್ಡ್‌ನಿಂದ, ಅಂದರೆ ಹೆಚ್ಚುಕಮ್ಮಿ ಸಮುದ್ರಮಟ್ಟದಿಂದ. ಎಷ್ಟೋ ದೇಶಗಳಲ್ಲಿ ಇವೆರಡರ ಅಂತರ ಅಷ್ಟು ದೊಡ್ಡದಲ್ಲ. ದಕ್ಷಿಣ ಭಾರತದಲ್ಲಿ ಹಾಗಲ್ಲ. ಬೆಂಗಳೂರಿನ ಆಸುಪಾಸಿನಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ಸುಮಾರು 86 ಮೀಟರ್ ಕೆಳಗಿದೆ. ಎರಡನ್ನೂ ಒಂದೇ ಅಂತ ಬೆರೆಸಿ ನಾನು ನೆಲವನ್ನು ಅಷ್ಟು ಎತ್ತರಕ್ಕೆ ಎತ್ತಿ ಕೂರಿಸಿದ್ದೆ! ನಮ್ಮ ಸೆನ್ಸರ್ ಅಂಚಿನಲ್ಲಿ 17 ಡಿಗ್ರಿ ಓರೆಯಾಗಿ ನೋಡುತ್ತದೆ. 86 ಮೀಟರ್ ತಪ್ಪು ಅಲ್ಲಿ 26 ಮೀಟರ್ ಆಗುತ್ತದೆ. ಎರಡು ಪಟ್ಟಿ ಸೇರಿದಾಗ ಅದರ ಎರಡರಷ್ಟು. ಲೆಕ್ಕ ಕೂತಿತು, ಅಲ್ವಾ?

ಪರಿಹಾರ ಹತ್ತು ನಿಮಿಷದ್ದು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಡಿಇಎಂಗೆ ಜಿಯಾಯ್ಡ್ ಗ್ರಿಡ್ (ಜಾಗಜಾಗಕ್ಕೂ ಆ ಅಂತರ ಬರೆದ ಕೋಷ್ಟಕ) ಕೂಡಿಸಿದೆ. ಗ್ರಿಡ್ ಇಲ್ಲಿ ಮೈನಸ್, ಹಾಗಾಗಿ ನೆಲ ಕೆಳಗಿಳಿಯಿತು. ಎರಡು ಹಳಿ ಒಂದಾದವು. ಆಮೇಲೆ ಉಳಿದ ಚೂರುಪಾರು ತಪ್ಪು ನಿಜವಾದ ಬೋರ್‌ಸೈಟ್‌ದು. ಒಂದೇ ದಾರಿಯಲ್ಲಿ ಹೋಗಿ ವಾಪಸ್ ಬಂದ ಎರಡು ಪಟ್ಟಿ ಹೋಲಿಸಿ ಅದನ್ನು ತೆಗೆದೆ.

ಸರಿಯಾಗಿದೆಯಾ ನೋಡಲು ದೇವಸ್ಥಾನದ ಕಲ್ಯಾಣಿಯ ಮೂಲೆಗಳನ್ನು ಬಳಸಿದೆ. ಮೊದಲು ಊರಿನ ಓವರ್‌ಹೆಡ್ ಟ್ಯಾಂಕ್ ಆರಿಸಿ ಮೋಸಹೋಗಿದ್ದೆ. ಚಿತ್ರದ ಅಂಚಿನಲ್ಲಿ ಟ್ಯಾಂಕ್ ಹೊರಕ್ಕೆ ವಾಲಿ ಕಾಣುತ್ತದೆ.

ಕೊನೆಗೆ ಪಿಕ್ಸೆಲ್‌ಗಳನ್ನು ನಕ್ಷೆಗೆ ಇಳಿಸುವಾಗ ನಿಯರೆಸ್ಟ್ ನೇಬರ್, ಅಂದರೆ ಅತಿ ಹತ್ತಿರದ ಪಿಕ್ಸೆಲ್ ಅನ್ನು ಹಾಗೇ ಎತ್ತಿಡುವ ವಿಧಾನ, ಮಾತ್ರ ಬಳಸಿದೆ. ಬೇರೆ ವಿಧಾನಗಳು ಅಕ್ಕಪಕ್ಕದ ಪಿಕ್ಸೆಲ್ ಬೆರೆಸುತ್ತವೆ. ರಾಗಿ ಹೊಲದ ಸ್ಪೆಕ್ಟ್ರಮ್ ಒಳಗೆ ರಸ್ತೆಯ ಟಾರು ಸೇರುತ್ತದೆ. ನನ್ನ ನಕ್ಷೆಯಲ್ಲಿ ಹಳಿ ಈಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕಾಣಲಿ ಬಿಡಿ.