ಸರ್ಕಸ್ ಮ್ಯೂಸಿಕಲ್‌ಗೆ ಮನೆಮಂದಿಯೆಲ್ಲ ಹೋಗುವುದು ಹೇಗೆ?

ಸರ್ಕಸ್ ಮ್ಯೂಸಿಕಲ್ ಅಂದರೆ ಹಾಡು, ಕುಣಿತದ ಜೊತೆ ಸರ್ಕಸ್ ಕಸರತ್ತೂ ಇರುವ ನಾಟಕ. ಇದಕ್ಕೆ ಮುಂದಿನ ಸಾಲಿನ ಟಿಕೆಟ್ ಸಿಕ್ಕಿತೆಂದು ಖುಷಿಯಿಂದ ಬಂದ ಕುಟುಂಬಗಳು ಮಧ್ಯಂತರದಲ್ಲಿ ಕತ್ತು ನೀವಿಕೊಂಡು ನಿಂತಿರುವುದನ್ನು ನೋಡುತ್ತಲೇ ಇರುತ್ತೇನೆ. ಸೀಟು ಆರಿಸುವಾಗ ಸ್ವಲ್ಪ ಯೋಚಿಸಿದ್ದರೆ ಸಾಕಿತ್ತು.

ಮೊದಲು ಕಥೆ ಏನೆಂದು ತಿಳಿದುಕೊಳ್ಳಿ. ಸರ್ಕಸ್ ಇದೆ ಅಂದ ಮಾತ್ರಕ್ಕೆ ಅದು ಮಕ್ಕಳ ನಾಟಕ ಆಗಲ್ಲ. 2013ರಲ್ಲಿ ‘ಪಿಪಿನ್’ ಎಂಬ ಹಳೆಯ ಮ್ಯೂಸಿಕಲ್ ಸರ್ಕಸ್ ಡೇರೆಯ ರೂಪದಲ್ಲಿ ಮತ್ತೆ ನ್ಯೂಯಾರ್ಕಿನ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಗೆ ಬಂತು. ಕಸರತ್ತುಗಳೇನೋ ಅದ್ಭುತ. ಆದರೆ ಕಥೆಯಲ್ಲಿ ಯುದ್ಧ, ಕಾಮ ಎಲ್ಲ ಇದೆ. ಕೊನೆಗೆ ನಾಯಕನನ್ನು ಬೆಂಕಿಗೆ ಹಾರಲು ಪುಸಲಾಯಿಸುತ್ತಾರೆ. ವಯಸ್ಸಿನ ಸೂಚನೆಯನ್ನು ರಂಗಮಂದಿರದ ವೆಬ್‌ಸೈಟಿನಲ್ಲೇ ಓದಿ.

ಈಗ ಸೀಟು. ಮಾಮೂಲಿ ನಾಟಕ ನೆಲದ ಮೇಲೆ ನಡೆಯುತ್ತದೆ, ಇದರಲ್ಲಿ ಅರ್ಧ ಆಟ ಗಾಳಿಯಲ್ಲಿ. ಟ್ರಪೀಜ್ (ಎತ್ತರದಲ್ಲಿ ತೂಗುವ ಕೋಲಿನ ಉಯ್ಯಾಲೆ), ಮೇಲಿಂದ ಇಳಿಬಿಟ್ಟ ಬಟ್ಟೆ, ತೂಗಾಡುವ ದೊಡ್ಡ ಬಳೆ ಎಲ್ಲವೂ ತಲೆಯ ಮೇಲೆ. ಮುಂದಿನ ಸಾಲಿನಿಂದ ಕಾಣುವುದು ಕಲಾವಿದರ ಪಾದ ಅಷ್ಟೇ. ಹಾಗಂತ ತೀರಾ ಹಿಂದೆ, ಬಾಲ್ಕನಿಯ ಕೆಳಗೂ ಕೂರಬೇಡಿ. ಮೇಲಿನ ಛಾವಣಿ ನೋಟವನ್ನು ಕತ್ತರಿಸುತ್ತದೆ. ಟ್ರಪೀಜಿನವಳು ಮೇಲೆ ಹೋದಳೆಂದರೆ ನಿಮ್ಮ ಪಾಲಿಗೆ ಮಾಯ. ಸೀಟುಗಳ ನಕ್ಷೆಯಲ್ಲಿ ಬಾಲ್ಕನಿಯ ಅಂಚು ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ನೋಡಿ. ಗೊತ್ತಾಗದಿದ್ದರೆ ಬಾಕ್ಸ್ ಆಫೀಸಿಗೆ ಫೋನ್ ಮಾಡಿ, “ಈ ಸೀಟಿನಿಂದ ರಂಗದ ಮೇಲ್ಭಾಗ ಪೂರ್ತಿ ಕಾಣುತ್ತಾ?” ಎಂದು ನೇರವಾಗಿ ಕೇಳಿ.

ನನ್ನ ಆಯ್ಕೆ ಯಾವತ್ತೂ ಮೊದಲ ಬಾಲ್ಕನಿಯ ಮಧ್ಯಭಾಗ. ಅಲ್ಲೂ ಒಂದು ತೊಡಕಿದೆ: ಮೊದಲ ಸಾಲಿನ ಕಂಬಿ ಸರಿಯಾಗಿ ಮಗುವಿನ ಕಣ್ಣಿಗೇ ಅಡ್ಡ ಬರುತ್ತದೆ. ಎರಡನೇ ಅಥವಾ ಮೂರನೇ ಸಾಲು ತೆಗೆದುಕೊಳ್ಳಿ. ಹೋದ ತಕ್ಷಣ ಮಗುವನ್ನು ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟ್ ಕೇಳಿ, ಬೇಗ ಖಾಲಿಯಾಗುತ್ತವೆ. ಮಡಚಿದ ಜಾಕೆಟ್ ಮೇಲೆ ಕೂರಿಸುವ ಉಪಾಯ ಬೇಡ, ಜಾರುತ್ತಲೇ ಇರುತ್ತದೆ. ಟಿಕೆಟನ್ನು ರಂಗಮಂದಿರದಿಂದಲೇ ಕೊಳ್ಳಿ. ಮರುಮಾರಾಟದ ಸೈಟುಗಳಲ್ಲಿ ದುಡ್ಡು ಜಾಸ್ತಿ, ಸೀಟಿಗೆ ಕಂಬ ಅಡ್ಡ ಇದ್ದರೂ ಬಾಯಿ ಬಿಡದವರಿದ್ದಾರೆ.

ಶಬ್ದದ ವಿಷಯಕ್ಕೆ ಬಂದರೆ, ಚಿಕ್ಕ ಮಕ್ಕಳಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಒಳ್ಳೆಯದು. ದೊಡ್ಡವರ ಸ್ಪಂಜಿನ ಇಯರ್‌ಪ್ಲಗ್ ಪುಟ್ಟ ಕಿವಿಯಲ್ಲಿ ನಿಲ್ಲಲ್ಲ. ಆಟಿಕೆ ದುರ್ಬೀನು ಸುಮ್ನೆ ದಂಡ, ಮಸುಕು ಬಿಟ್ಟು ಬೇರೇನೂ ಕಾಣಲ್ಲ. ಫಳಫಳ ಮಿಂಚುವ ದೀಪ ಯಾರಿಗಾದರೂ ತೊಂದರೆ ಕೊಡುತ್ತದೆ ಎಂದಾದರೆ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ಅರ್ಧ ಗಂಟೆ ಮುಂಚೆ ತಲುಪಿ, ಶೌಚಾಲಯಕ್ಕೆ ಹೋಗಿ ಬಂದು ಕೂರಿ. ತಡವಾಗಿ ಬಂದವರನ್ನು ಸರಿಯಾದ ವಿರಾಮ ಸಿಗುವ ತನಕ ಹೊರಗೇ ನಿಲ್ಲಿಸುತ್ತಾರೆ. ಇಂಥ ನಾಟಕಗಳು ಹೆಚ್ಚಾಗಿ ಶುರುವಿನಲ್ಲೇ ಇಡೀ ತಂಡವನ್ನು ರಂಗಕ್ಕೆ ತರುತ್ತವೆ. ಅದನ್ನು ಬಾಗಿಲಾಚೆ ನಿಂತು ಕಳೆದುಕೊಳ್ಳಬಾರದು, ಅಲ್ವಾ?

ಫೋನನ್ನು ಸೈಲೆಂಟ್ ಮಾಡಿದರೆ ಸಾಲದು, ಆಫ್ ಮಾಡಿ. ಕಾರಣವನ್ನು ಮಕ್ಕಳಿಗೂ ಹೇಳಿ. ಸರ್ಕಸ್ ಮಾಲೀಕ ಬಾರ್ನಮ್‌ನ ಕಥೆಯ 1980ರ ಮ್ಯೂಸಿಕಲ್ ‘ಬಾರ್ನಮ್’ನಲ್ಲಿ ನಾಯಕನ ಪಾತ್ರಧಾರಿಯೇ ಹಗ್ಗದ ಮೇಲೆ ನಡೆಯಬೇಕು. ಹಗ್ಗದ ಮೇಲಿರುವವರು ಎದುರಿನ ಒಂದು ಬಿಂದುವಿನಲ್ಲಿ ಕಣ್ಣು ನೆಟ್ಟು ಸಮತೋಲನ ಕಾಯ್ದುಕೊಳ್ಳುತ್ತಾರೆ. ಕತ್ತಲಲ್ಲಿ ಒಂದು ಫ್ಲಾಶ್ ಹೊಡೆದರೆ ಆ ಬಿಂದು ತಪ್ಪಿ ಹೋಗುತ್ತದೆ. ಮಕ್ಕಳಿಗೆ ಇಷ್ಟು ಹೇಳಿ ನೋಡಿ, ಅಪ್ಪನ ಫೋನನ್ನು ಅವರೇ ಕಸಿದು ಆಫ್ ಮಾಡುತ್ತಾರೆ.