ಪೇ ಸ್ಲಿಪ್ ಹಿಡಿದು ಲೈನಿಗೆ ಹೋದ ಮೇಲೆ

ಬೆಂಗಳೂರಿನ ಹೊಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ನಾನು ವೆಲ್‌ಫೇರ್ ಆಫೀಸರ್ ಆಗಿ ಸೇರಿದೆ. 500 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಇಂಥವರೊಬ್ಬರು ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು. ಹೇಳಬೇಕಾದ್ದನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಜನಕ್ಕೆ ತಿಳಿಸಿದ ಹಾಗೆ ಅಂತ ನಂಬಿದ್ದೆ. ಆ ನಂಬಿಕೆ 2016ರ ಏಪ್ರಿಲ್‌ವರೆಗೆ ಇತ್ತು.

ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಪಿ.ಎಫ್. ಅಂದರೆ ಸಂಬಳದಲ್ಲಿ ಹಿಡಿದು ಕೂಡಿಡುವ ಭವಿಷ್ಯ ನಿಧಿಯ ನಿಯಮ ಬದಲಾಯಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ತೆಗೆಯಬಹುದು, ಕಂಪನಿ ಹಾಕಿದ ಪಾಲು 58 ವರ್ಷ ಆಗುವ ತನಕ ಸಿಗುವುದಿಲ್ಲ ಅಂತ. ಇಂಗ್ಲಿಷಿನಲ್ಲಿ ಬಂದ ಆ ಕಾಗದವನ್ನು ಹಾಗೇ ಬೋರ್ಡಿಗೆ ಅಂಟಿಸಿದೆ. ಯಾರೂ ನನ್ನ ಹತ್ತಿರ ಬಂದು ಕೇಳಲಿಲ್ಲ. ಎಲ್ಲ ಸರಿಯಿದೆ ಅಂದುಕೊಂಡೆ.

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ರಸ್ತೆಗೆ ಬಂದರು. ಹೊಸೂರು ರಸ್ತೆ ನಿಂತುಹೋಯಿತು. ಮಾರನೇ ದಿನ ಊರಿನ ಬೇರೆ ಕಡೆಗೂ ಹಬ್ಬಿತು, ಹೆಬ್ಬಗೋಡಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಲಾಠಿ ಏಟೂ ಬಿದ್ದವು. 19ರಂದೇ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಯಾರೋ ತಲೆ ಕೆಡಿಸಿದ್ದಾರೆ, ಇವರಿಗೇನೂ ಗೊತ್ತಿಲ್ಲ ಅಂತ ಆಫೀಸಿನಲ್ಲಿ ಹಲವರು ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಾಲ್ಕೈದು ವರ್ಷ ದುಡಿದು, ಕೆಲಸ ಬಿಟ್ಟು, ಪಿ.ಎಫ್. ತೆಗೆದು ಮಗಳ ಮದುವೆಯನ್ನೋ ಕೈಸಾಲವನ್ನೋ ನೋಡಿಕೊಂಡು, ಆಮೇಲೆ ಇನ್ನೊಂದು ಫ್ಯಾಕ್ಟರಿಗೆ ಸೇರುವವರು ಇಲ್ಲಿ ಎಷ್ಟೋ ಜನ. ಅವರಿಗೆ ಒಟ್ಟಾಗಿ ಕೈಗೆ ಸಿಗುವ ದುಡ್ಡು ಅದೊಂದೇ. ಅದಕ್ಕೆ ಬೀಗ ಬೀಳುತ್ತದೆ ಅನ್ನುವುದನ್ನು ಅವರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು.

ಮತ್ತೆ ಕೆಲಸ ಶುರುವಾದ ದಿನ ಒಬ್ಬ ಟೈಲರ್ ಅಕ್ಕ ನನ್ನನ್ನು ನಿಲ್ಲಿಸಿ ಕೇಳಿದರು. "ಮೇಡಂ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ. ಬೋರ್ಡಿಗೆ ಹಾಕಿದ್ದೆನಲ್ಲ."

"ಅದು ನಮಗೆ ಅಂತ ಹಾಕಿದ್ದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ಸಂಬಳದ ಮರುದಿನ ಊಟದ ಹೊತ್ತಿಗೆ ಒಂದು ಲೈನಿನವರ, ಅಂದರೆ ಒಂದೇ ಸಾಲಿನ ಮಿಷನ್‌ಗಳಲ್ಲಿ ಹೊಲಿಯುವವರ ಜೊತೆ ಡಬ್ಬಿ ಬಿಚ್ಚಿಕೊಂಡು ಕ್ಯಾಂಟೀನಿನಲ್ಲಿ ಕೂತೆ. ಪೇ ಸ್ಲಿಪ್ ತನ್ನಿ, ಓದೋಣ ಅಂದೆ. ಮೊದಲ ದಿನ ಆರೇ ಜನ ಬಂದರು. ಸ್ಲಿಪ್ ಇಟ್ಟುಕೊಂಡವರೇ ಕಡಿಮೆ, ಕೊನೆಯ ಅಂಕಿ ನೋಡಿ ಮಡಚಿ ಬಿಸಾಡುತ್ತಿದ್ದರು. ಒಂದೊಂದು ಸಾಲಿಗೂ ಬೆರಳಿಟ್ಟು ಲೆಕ್ಕ ಮಾಡಿ ತೋರಿಸಿದೆ. ಸುಲಭಕ್ಕೆ 10,000 ರೂಪಾಯಿ ಅಂತ ಇಟ್ಟುಕೊಂಡೆವು. ಅದರಲ್ಲಿ ನೂರಕ್ಕೆ 12ರ ಹಾಗೆ 1,200 ನಿಮ್ಮ ಪಿ.ಎಫ್.ಗೆ ಹೋಗುತ್ತದೆ. ಕಂಪನಿಯೂ 1,200 ಹಾಕುತ್ತದೆ.

ತಕ್ಷಣ ಒಬ್ಬರು ಕೇಳಿದರು, "ಹಾಗಾದ್ರೆ ಪಾಸ್‌ಬುಕ್ಕಲ್ಲಿ ಕಂಪನಿದು ಯಾಕೆ ಕಡಿಮೆ ಇದೆ? ಮಿಕ್ಕಿದ್ದು ಯಾರು ತಿಂದ್ರು?" ಎಷ್ಟು ವರ್ಷದಿಂದ ಮನಸ್ಸಲ್ಲಿ ಇಟ್ಟುಕೊಂಡಿದ್ದ ಅನುಮಾನವೋ ಅದು. ಕಂಪನಿಯ 1,200ರಲ್ಲಿ 833 ಪಿಂಚಣಿಗೆ ಹೋಗುತ್ತದೆ, 367 ಮಾತ್ರ ಪಿ.ಎಫ್. ಖಾತೆಗೆ ಬರುತ್ತದೆ ಅಂತ ಬರೆದು ತೋರಿಸಿದೆ. ಆ ಪಿಂಚಣಿ ಸಿಗಬೇಕಾದರೆ 10 ವರ್ಷದ ಸರ್ವಿಸ್ ಆಗಿರಬೇಕು, ಕೆಲಸ ಬದಲಾಯಿಸಿದಾಗ ಹಳೇ ಖಾತೆಯನ್ನು ಹೊಸದಕ್ಕೆ ಸೇರಿಸಿದರೆ ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ ಅಂದೆ. ಪಾಸ್‌ಬುಕ್ಕಿನ ಪ್ರಶ್ನೆ ಕೇಳಿದ ಅಕ್ಕ ಮೂರು ಫ್ಯಾಕ್ಟರಿ ಬದಲಾಯಿಸಿದ್ದರು. ಸುಮ್ಮನೆ ಕೂತುಬಿಟ್ಟರು. ಆಮೇಲೆ "ಮೊದಲೇ ಯಾರಾದ್ರೂ ಹೇಳಿದ್ರೆ ತೆಗೀತಾನೇ ಇರಲಿಲ್ಲ" ಅಂದರು. ಆ ಮಾತು ಈಗಲೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಮುಂದಿನ ತಿಂಗಳು ಬೆಂಚು ಸಾಲಲಿಲ್ಲ.

ದೂರಿನ ಪೆಟ್ಟಿಗೆಯ ಕಥೆಯೂ ಹೇಳಬೇಕು. ನಮ್ಮದು ಎಚ್.ಆರ್. ಬಾಗಿಲ ಪಕ್ಕ, ಕ್ಯಾಮೆರಾ ಕೆಳಗೇ ಇತ್ತು. ತಿಂಗಳುಗಟ್ಟಲೆ ಖಾಲಿ. ಅದನ್ನು ಹೆಂಗಸರ ಟಾಯ್ಲೆಟ್‌ಗೆ ಹೋಗುವ ದಾರಿಗೆ ಹಾಕಿಸಿದೆ. ಕುಂದುಕೊರತೆ ಸಮಿತಿಯಲ್ಲಿದ್ದ ಇಬ್ಬರು ಟೈಲರ್‌ಗಳ ಎದುರೇ ಬೀಗ ತೆಗೆಯುವುದು ಅಂತ ಮಾಡಿದೆ. ಮೊದಲು ಬಂದ ಚೀಟಿಗಳೆಲ್ಲ ಕುಡಿಯುವ ನೀರು, ಟಾಯ್ಲೆಟ್ ಇಂಥವು. ಅದನ್ನು ಬೇಗ ಸರಿ ಮಾಡಿಸಿ, ಏನು ಮಾಡಿದೆವು ಅಂತ ಮೈಕಿನಲ್ಲಿ ಕನ್ನಡದಲ್ಲೇ ಹೇಳಿದೆವು. ಆಗದ್ದನ್ನು ಯಾಕೆ ಆಗಲಿಲ್ಲ ಅಂತಲೂ ಹೇಳಿದೆವು. ಆಮೇಲೆ ನಿಜವಾದ ಚೀಟಿಗಳು ಬಂದವು. ಸೂಪರ್‌ವೈಸರ್ ಹೋಗೇ ಬಾರೇ ಅಂತಾರೆ, ಎಲ್ಲರ ಮುಂದೆ ಬೈತಾರೆ, ಮಗುಗೆ ಹುಷಾರಿಲ್ಲ ಅಂದ್ರೂ ರಜೆ ಕೊಡಲ್ಲ.

ಸೂಪರ್‌ವೈಸರ್‌ಗಳನ್ನು ಕರೆದು ಬೈದಿದ್ದರೆ ಆ ಬೈಗುಳ ತಿರುಗಿ ಲೈನಿಗೇ ಹೋಗುತ್ತಿತ್ತು. ಅದಕ್ಕೇ ಒಂದು ವಾರ ಸುಮ್ನೆ ಲೈನಿನಲ್ಲಿ ನಿಂತು ನೋಡಿದೆ. ಗಂಟೆಗೊಮ್ಮೆ ಬೋರ್ಡಿನಲ್ಲಿ ಪೀಸ್ ಲೆಕ್ಕ ಬರೆಯುತ್ತಾರಲ್ಲ, ಮೂರು ಗಂಟೆಯ ಲೆಕ್ಕ ಬರೆದ ಮೇಲೆ ಕೂಗಾಟ ಜೋರಾಗುತ್ತಿತ್ತು. ಕಾಲರ್ ಕೂರಿಸುವ ಕಡೆ ಪೀಸ್ ಗುಡ್ಡೆ ಬೀಳುತ್ತಿತ್ತು, ಮುಂದಿನವರಿಗೆ ಕೆಲಸವೇ ಬರುತ್ತಿರಲಿಲ್ಲ, ಬೈಗುಳ ಮಾತ್ರ ಎಲ್ಲರಿಗೂ. ಇದನ್ನು ಪ್ರೊಡಕ್ಷನ್ ಮ್ಯಾನೇಜರಿಗೆ ತೋರಿಸಿದೆ. ಅಲ್ಲಿಗೆ ಇನ್ನೊಂದು ಮಿಷನ್ ಕೊಟ್ಟರು. ಏನೇ ಹೇಳುವುದಿದ್ದರೂ ಮಿಷನ್ ಹತ್ತಿರ ಹೋಗಿ, ಹೆಸರು ಹಿಡಿದು, ಮೆಲ್ಲಗೆ ಹೇಳಬೇಕು ಅಂತ ಸೂಪರ್‌ವೈಸರ್‌ಗಳ ಜೊತೆ ಕೂತು ಒಪ್ಪಿಕೊಂಡೆವು. ಇಬ್ಬರು ನಿಜವಾಗಿ ಬದಲಾದರು. ಒಬ್ಬರು ಬದಲಾಗಲಿಲ್ಲ, ಅವರನ್ನು ಲೈನಿನಿಂದ ತೆಗೆಸಲು ನಾನು ಎಂಟು ತಿಂಗಳು ಹಟ ಹಿಡಿಯಬೇಕಾಯಿತು. ಅಷ್ಟು ದಿನ ಆ ಲೈನಿನವರು ಪಟ್ಟ ಪಾಡು ನನಗೆ ಗೊತ್ತು.

ಈಗ ನಮ್ಮಲ್ಲಿ ಒಡಿಶಾದಿಂದ ಬಂದ ಹುಡುಗಿಯರು ತುಂಬ ಜನ ಇದ್ದಾರೆ. ಹಾಸ್ಟೆಲಿನಲ್ಲಿ ಇರುತ್ತಾರೆ. ನನ್ನ ಕನ್ನಡ ಅವರಿಗೆ ಆ ಇಂಗ್ಲಿಷ್ ಕಾಗದದ ಹಾಗೇ ಅಲ್ವಾ? ಅವರಲ್ಲೇ ಲೆಕ್ಕ ಚೆನ್ನಾಗಿ ಬರುವ ಒಬ್ಬ ಹುಡುಗಿಗೆ ಪೇ ಸ್ಲಿಪ್ ಓದುವುದನ್ನು ಕಲಿಸಿದ್ದೇನೆ. ಹೋದ ತಿಂಗಳು ಅವಳೇ ಒಡಿಯಾದಲ್ಲಿ ಹೇಳಿದಳು. ನಾನು ಪಕ್ಕದಲ್ಲಿ ಕೂತಿದ್ದೆ. ಯಾರೋ ಏನೋ ಕೇಳಿದರು, ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಏನಂತೆ ಅಂದೆ. "ಕಂಪನಿ ದುಡ್ಡು ಯಾಕೆ ಕಡಿಮೆ ಅಂತಾರೆ ಮೇಡಂ" ಅಂದಳು. ಪೆನ್ನನ್ನು ಅವಳ ಕೈಗೇ ಕೊಟ್ಟೆ.